ಕರಡಿಗೆಯ ಬಿಗಿ ಮುಚ್ಚಳ

ಕೂದಲು ಹೋದದ್ದನ್ನು ನಾನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಮ್ಮ ಕಡೆಯ ಹೆಂಗಸರು ಹೇಗೂ ತಲೆಯ ಮೇಲೆ ಸೆರಗು ಹೊತ್ತೇ ಓಡಾಡುವವರು. ಅದನ್ನು ಹಣೆಯ ತನಕ ಇನ್ನೊಂದಿಷ್ಟು ಎಳೆದುಕೊಂಡರೆ ಒಳಗೆ ಹೆರಳಿದೆಯೋ ಬೋಳು ಬುರುಡೆ ಇದೆಯೋ ಗಾಜಿಪುರದ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಯಿ ತುಂಬ ಹುಣ್ಣಾದಾಗ ಮಾತು ಕಡಿಮೆ ಮಾಡಿದೆ. ಮನೆಯವರಿಗೆ ಅದರಿಂದ ಸ್ವಲ್ಪ ಆರಾಮವೇ ಆಗಿರಬೇಕು. ಆದರೆ ಉಗುರು? ಕೈಗೆ ಸೆರಗು ಹೊದಿಸಲು ಬರುವುದಿಲ್ಲ, ಕೈ ಸುಮ್ಮನೆ ಕೂಡುವುದೂ ಇಲ್ಲ. ಬೆಳಗ್ಗೆ ಹಾಸಿಗೆ ಮಡಚುವುದರಿಂದ ಹಿಡಿದು ಬಾಗಿಲ ಚಿಲಕ ಹಾಕುವ ತನಕ ಎಲ್ಲದಕ್ಕೂ ಬೆರಳ ತುದಿಯೇ ಬೇಕು ಎಂಬುದು ನನಗೆ ಐವತ್ತು ದಾಟಿದ ಮೇಲೆ, ಆ ಔಷಧ ಮೈಗೆ ಹೋದ ಮೇಲೆ ತಿಳಿಯಿತು.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿದ ಕಾಲ. ನಾನು ಕಮಲಾಪುರದ ಸರಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಕಮಲಾಪುರ ನನ್ನ ತವರೂರೂ ಹೌದು. ಲಗ್ನವಾಗಿ ಕಲಬುರಗಿಯ ಗಾಜಿಪುರಕ್ಕೆ ಬಂದೆ, ನೌಕರಿ ಮತ್ತೆ ಕಮಲಾಪುರಕ್ಕೇ ಎಳೆಯಿತು. ವರ್ಷಗಟ್ಟಲೆ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸು ಬಂದಿದ್ದೇನೆ. ನಮ್ಮ ಯಜಮಾನರು ನೀರಾವರಿ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ರಿಟೈರ್ ಆಗಿದ್ದರು. ಒಬ್ಬಳೇ ಮಗಳು ಸೊಲ್ಲಾಪುರದಲ್ಲಿ, ಹಸಿ ಬಾಣಂತಿ. ಬಾಣಂತನಕ್ಕೆ ತವರಿಗೆ ಬರಬೇಕಾದವಳು ನನ್ನ ಬೇನೆಯಿಂದಾಗಿ ಅತ್ತೆಯ ಮನೆಯಲ್ಲೇ ಉಳಿದಳು. ಮೊಮ್ಮಗನ ಮುಖವನ್ನು ಮೊದಲು ನೋಡಿದ್ದು ಫೋಟೊದಲ್ಲಿ. ಆ ಸಂಕಟ ಬೇರೆ, ಅದನ್ನು ಇಲ್ಲಿ ಬರೆಯುತ್ತಾ ಕೂತರೆ ಹೇಳಬೇಕಾದದ್ದು ಹೇಳಿ ಮುಗಿಯುವುದಿಲ್ಲ.

ಎದೆಯ ಗಂಟನ್ನು ಹೈದರಾಬಾದಿನಲ್ಲಿ ತೆಗೆಸಿಕೊಂಡು ಬಂದೆ. ಮುಂದಿನ ಸಲಾಯಿನ್‌ಗಳನ್ನು ಕಲಬುರಗಿಯಲ್ಲೇ ಹಾಕಿಸಿಕೊಳ್ಳಬಹುದು ಎಂದರು. ಮೊದಮೊದಲು ಕೊಟ್ಟದ್ದು ಕೆಂಪು ಔಷಧ. ಅದು ಒಳಗೆ ಹೋದಾಗಲೆಲ್ಲ ವಾಂತಿ ಮಾಡಿ ಮಾಡಿ ಕರುಳು ಬಾಯಿಗೆ ಬರುತ್ತಿತ್ತು. ಅದು ಮುಗಿದ ಮೇಲೆ ಬೇರೆ ಔಷಧ ಶುರುವಾಯಿತು, ನೋಡಲು ಬರೀ ನೀರು. ವಾಂತಿ ನಿಂತಿತು. ಅಬ್ಬಾ, ಬದುಕಿದೆ ಅಂದುಕೊಂಡೆ. ಇದರಿಂದ ಬೆರಳು ಜೋಮು ಹಿಡಿಯಬಹುದು, ಉಗುರು ಕೆಡಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ನನಗಂತೂ ನೆನಪಿಲ್ಲ. ಒಂದೇ ಉಸಿರಿಗೆ ಹತ್ತು ಬೇನೆ ಹೇಳಿದರೆ ಹೆದರಿದ ಮನುಷ್ಯರು ಮೊದಲನೆಯದನ್ನು ಹಿಡಿದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತಾರೆ.

ಎಲ್ಲಕ್ಕಿಂತ ಹೆಚ್ಚಾಗಿ ನೆನಪಿರುವುದು ದಣಿವು. ಮಲಗಿ ಎದ್ದರೂ ಹೋಗದ ದಣಿವು ಅದು. ನೀರಿನ ತಂಬಿಗೆ ಎತ್ತುವ ಮುಂಚೆ ಒಮ್ಮೆ ಯೋಚನೆ ಮಾಡಬೇಕು, ಎತ್ತಿ ಕುಡಿದ ಮೇಲೆ ಕೆಳಗಿಡುವುದಕ್ಕೆ ಇನ್ನೊಮ್ಮೆ. ನೋಡಲು ಬಂದವರೆಲ್ಲ "ಧೈರ್ಯ ತಗೋರಿ ಟೀಚರ್, ಧೈರ್ಯ ತಗೋರಿ" ಎನ್ನುತ್ತಿದ್ದರು. ಎಲ್ಲಿಂದ ತಗೊಳ್ಳಲಿ, ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಕಿಲೋಗಟ್ಟಲೆ ಸಿಗುತ್ತದೆಯೇ ಎಂದು ಕೇಳಬೇಕೆನಿಸುತ್ತಿತ್ತು. ಒಬ್ಬರಿಗೆ ಕೇಳಿಯೂ ಬಿಟ್ಟೆ. ಅವರು ಮತ್ತೆ ನಮ್ಮ ಮನೆಯ ಕಡೆ ಹಾಯಲಿಲ್ಲ.

ಎರಡನೆಯ ಔಷಧ ಒಂದೆರಡು ಸಲ ಆದ ಮೇಲೆ, ನಡುವೆ ಸ್ವಲ್ಪ ತ್ರಾಣ ಬಂದಾಗ ಕಮಲಾಪುರಕ್ಕೆ ಅಕ್ಕನ ಮನೆಗೆ ಹೋದೆ. ಅಕ್ಕನನ್ನು ಅದೇ ಊರಿನಲ್ಲಿದ್ದ ಸೋದರಮಾವನಿಗೇ ಕೊಟ್ಟಿದ್ದರಿಂದ ಅವಳು ಊರು ಬಿಡುವ ಪ್ರಸಂಗವೇ ಬರಲಿಲ್ಲ. ಅವರದು ಕೆಂಪು ಬಾಳೆಯ ತೋಟ. ಮರುದಿನ ಸಂತೆ ಇತ್ತು. ಪಡಸಾಲೆಯಲ್ಲಿ ಗೊನೆಗಳನ್ನು ಹರವಿ ಚಿಪ್ಪು ಬಿಡಿಸುತ್ತಿದ್ದರು. ಸುಮ್ಮನೆ ಮಲಗಿ ಸೂರು ನೋಡುವುದು ಸಾಕಾಗಿ ನಾನೂ ಹೋಗಿ ನಡುವೆ ಕೂತೆ. ಅಕ್ಕ ಬೇಡ ಬೇಡ ಎಂದಳು, ನಾನು ಕೇಳಲಿಲ್ಲ. ಬಿಡಿಸಿದ ಚಿಪ್ಪುಗಳನ್ನು ಒರೆಸಿ ಬುಟ್ಟಿಗೆ ಹಾಕಿದೆ. ಎಷ್ಟೋ ದಿನದ ಮೇಲೆ ಕೈಗೆ ಒಂದು ಕೆಲಸ ಸಿಕ್ಕಿತ್ತು, ಖುಷಿಯಾಯಿತು.

ಬಾಳೆಯ ಸೊನೆ ಗೊತ್ತಿದ್ದವರಿಗೆ ಗೊತ್ತು. ಮೊದಲು ನೀರಿನಂತೆ ಕಾಣುತ್ತದೆ, ಆಮೇಲೆ ಕಪ್ಪಾಗಿ ಕೂಡುತ್ತದೆ. ಬಟ್ಟೆಗೆ ಹತ್ತಿದರೆ ಆ ಬಟ್ಟೆ ಹರಿಯುವ ತನಕ ಹೋಗುವುದಿಲ್ಲ. ನಮ್ಮ ಮನೆತನದಲ್ಲಿ ಬಾಳೆಯ ಕಲೆಯಿಲ್ಲದ ಸೀರೆ ಎಂದರೆ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆ ಒಂದೇ. ಹೀಗಾಗಿ ಎರಡು ದಿನ ಬಿಟ್ಟು ನನ್ನ ಉಗುರುಗಳು ಬುಡದಿಂದ ಕಪ್ಪಾಗಿ ಕಂಡಾಗ ಅಕ್ಕನಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ನನಗೂ ಬರಲಿಲ್ಲ. ಬಾಳೆಯ ಊರಲ್ಲಿ ಹುಟ್ಟಿದವರಿಗೆ ಕಪ್ಪು ಉಗುರು ಕಂಡರೆ ಬೇರೆ ಏನು ನೆನಪಾಗಬೇಕು?

"ಬಾಳಿ ಡಾಗ ಅದ ತಂಗಿ. ಅದಕ್ಯಾಕ ಮಾರಿ ಸಣ್ಣದು ಮಾಡ್ಕೊಂಡು ಕುಂತಿ?" ಎಂದಳು ಅಕ್ಕ. "ಹುಣಸಿಹಣ್ಣು ಉಪ್ಪು ಹಚ್ಚಿ ತಿಕ್ಕೋಣು, ಹೋಗ್ತದ."

"ಎಲ್ಲಾ ಬೆರಳಿಗೂ ಒಂದೇ ನಮೂನಿ ಹತ್ಯಾದಲ್ಲ ಅಕ್ಕ?"

"ಎಲ್ಲಾ ಬೆರಳಿಂದ ಕೆಲಸ ಮಾಡಿದ್ರ ಎಲ್ಲಾ ಬೆರಳಿಗೂ ಹತ್ತತದ. ಟೀಚರ್ ಆಗಿ ಇಷ್ಟೂ ತಿಳ್ಯಂಗಿಲ್ಲೇನ ನಿನಗ?"

ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ಹೋಗಲಿಲ್ಲ. ನಿಂಬೆಹಣ್ಣಿನ ಹೋಳು ಹಚ್ಚಿದಳು, ಹೋಗಲಿಲ್ಲ. ನಮ್ಮಕ್ಕ ಹಿಡಿದ ಕೆಲಸ ಬಿಡುವವಳಲ್ಲ. ಹಿತ್ತಿಲಿಂದ ಇಟ್ಟಂಗಿಯ ಚೂರು ತಂದು, ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಸಣ್ಣವಳಿದ್ದಾಗ ಜಾತ್ರೆಯ ಮುಂಚೆ ನನ್ನ ಹಿಮ್ಮಡಿ ತಿಕ್ಕುತ್ತಿದ್ದಳಲ್ಲ, ಹಾಗೆ ಒಂದೊಂದೇ ಉಗುರನ್ನು ತಿಕ್ಕಿದಳು. ಬೆರಳ ತುದಿ ಜೋಮು ಹಿಡಿದಿದ್ದರಿಂದ ಆಗ ನನಗೆ ಅಷ್ಟು ನೋವಾಗಲಿಲ್ಲ. ಅವಳ ತೊಡೆಯ ಮೇಲೆ ಕೈಯಿಟ್ಟು ಕೂತಿರುವುದು ಹಿತವಾಗಿತ್ತು ಕೂಡ. ತಿಕ್ಕಿಸಿಕೊಂಡೇ ಕೂತೆ.

ಗಾಜಿಪುರಕ್ಕೆ ಬಂದ ಮೇಲೆ ಶುರುವಾಯಿತು ನೋಡಿ. ಉಗುರಿನ ಸುತ್ತ ಕೆಂಪಗೆ ಬಾತುಕೊಂಡಿತು, ಒಳಗೆ ರಕ್ತ ಹೆಪ್ಪುಗಟ್ಟಿ ನೀಲಿಯಾಯಿತು, ಎರಡು ಬೆರಳಲ್ಲಿ ಕೀವು ತುಂಬಿತು. ಜೋಮು ಹಿಡಿದ ಬೆರಳಿಗೆ ತಟ್ಟೆಯ ಬಿಸಿ ತಿಳಿಯುವುದಿಲ್ಲ, ಆದರೆ ಉಗುರಿಗೆ ಸೀರೆಯ ನೂಲು ಸಿಕ್ಕಿದರೆ ಜೀವ ಹೋದಷ್ಟು ನೋವು. ಇದೆಂಥ ನ್ಯಾಯವೋ ನನಗೆ ಇವತ್ತಿಗೂ ತಿಳಿದಿಲ್ಲ. ಮುಂದಿನ ಸಲಾಯಿನ್‌ಗೆ ಹೋದಾಗ ಡಾಕ್ಟರು ಕೈ ಹಿಡಿದು ತಿರುಗಿಸಿ ನೋಡಿದರು.

"ಯಾರು ತಿಕ್ಕಿದ್ರು ಇದನ್ನ?"

"ನಮ್ಮ ಅಕ್ಕ ರೀ."

"ಯಾಕ?"

"ಬಾಳಿ ಡಾಗ ಅಂತ ತಿಳ್ಕೊಂಡು."

ನಗಬೇಕೋ ಸಿಟ್ಟಾಗಬೇಕೋ ಅವರಿಗೆ ತಿಳಿಯಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಔಷಧವೇ ಉಗುರಿನ ಬುಡಕ್ಕೆ ಹೋಗಿ ಈ ಬಣ್ಣ ತಂದಿದೆ, ಇನ್ನು ಕೆಲವು ಉಗುರು ಮೇಲೆದ್ದು ಬಿಡಬಹುದು, ಎಲ್ಲ ಮುಗಿದ ಮೇಲೆ ಹೊಸ ಉಗುರು ಬರುತ್ತದೆ, ಅಲ್ಲಿಯ ತನಕ ಗಿಡ್ಡಗೆ ಕತ್ತರಿಸಿ, ಒಣಗಿಸಿ ಇಟ್ಟುಕೊಳ್ಳಬೇಕು, ಯಾವುದಕ್ಕೂ ಉಗುರು ಹಾಕಿ ಎಬ್ಬಬಾರದು. ಕೀವು ಆರುವ ತನಕ ಸಲಾಯಿನ್ ಮುಂದೆ ಹೋಯಿತು. ಮುಂದೆ ಹೋಯಿತು ಎಂದರೆ ಮುಗಿಯುವ ದಿನವೂ ಮುಂದೆ ಹೋಯಿತು. ಹೊರಗೆ ಬಂದು ಆಟೊದಲ್ಲಿ ಕೂತು ಅತ್ತೆ. ನಮ್ಮ ಯಜಮಾನರು ಆಟೊದವನಿಗೆ ದಾರಿ ಹೇಳುತ್ತಾ ಕೂತರು. ದಾರಿ ಅವನಿಗೆ ಗೊತ್ತಿತ್ತು.

ಗುಳಿಗೆಗಳು ಹೆಚ್ಚಾದವು. ಎಲ್ಲವನ್ನೂ ಬೆಳಗ್ಗೆ ಹೊಟ್ಟೆ ತುಂಬ ತಿಂದ ಮೇಲೆಯೇ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಬೇಡವೇ ಬೇಡ ಎಂದಿದ್ದರು. ನನ್ನ ಕಥೆ ಕೆಟ್ಟದ್ದೇ ಇಲ್ಲಿ. ಯಾಕೆಂದರೆ ನಾನು ಲಿಂಗಪೂಜೆಯಾಗದೆ ಬಾಯಿಗೆ ನೀರೂ ಹಾಕುವವಳಲ್ಲ. ಸಣ್ಣ ವಯಸ್ಸಿನಲ್ಲಿ ದೀಕ್ಷೆಯಾದಾಗಿನಿಂದ ಅದು ತಪ್ಪಿರಲಿಲ್ಲ. ಬಾಣಂತನದಲ್ಲಿ ತಪ್ಪಿಲ್ಲ, ಚುನಾವಣೆಯ ಡ್ಯೂಟಿಗೆ ಹೋದ ಊರುಗಳಲ್ಲಿ ತಪ್ಪಿಲ್ಲ. ಹೈದರಾಬಾದಿನಲ್ಲಿ ಆಪರೇಷನ್ನಿಗೆ ಒಯ್ಯುವಾಗ ಮೈಮೇಲೆ ಏನೂ ಇರಬಾರದು ಎಂದ ನರ್ಸಿನ ಜೊತೆ ಸ್ಟ್ರೆಚರ್ ಮೇಲೆ ಮಲಗಿಯೇ ಜಗಳ ತೆಗೆದಿದ್ದೆ. ಕೊನೆಗೆ ಅವರೇ ಸೋತು ಲಿಂಗದ ಕರಡಿಗೆಯನ್ನು ತೋಳಿಗೆ ಕಟ್ಟಿ ಬಟ್ಟೆ ಸುತ್ತಿದರು. ನನ್ನ ಮೈಯ ಒಂದು ಭಾಗವನ್ನೇ ಕೊಯ್ದು ತೆಗೆದರು, ಕರಡಿಗೆ ಮಾತ್ರ ನನ್ನ ಹತ್ತಿರವೇ ಉಳಿಯಿತು.

ಕರಡಿಗೆ ಎಂದರೆ ಲಿಂಗವನ್ನು ಒಳಗಿಟ್ಟು ಶಿವದಾರದಿಂದ ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಡಬ್ಬಿ. ನನ್ನದು ಅವ್ವ ಮಾಡಿಸಿ ಕೊಟ್ಟದ್ದು, ಗುಂಡಗಿನದು, ಮುಚ್ಚಳ ಬಹಳ ಬಿಗಿ. ಬಸ್ಸಿನ ನೂಕುನುಗ್ಗಲಿನಲ್ಲಿ ಓಡಾಡುವವಳ ಕೊರಳಲ್ಲಿ ಅದು ಬಿಗಿಯಾಗಿಯೇ ಇರಬೇಕು. ಕೂಡುವ ಸಂದಿಗೆ ಹೆಬ್ಬೆರಳ ಉಗುರು ಹಾಕಿ ಮೇಲಕ್ಕೆ ಎಬ್ಬಿದರೆ ಟಕ್ಕನೆ ತೆರೆಯುತ್ತಿತ್ತು. ಇಷ್ಟು ವರ್ಷ ಅದಕ್ಕೆ ಉಗುರು ಬೇಕು ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ.

ಈಗ ಉಗುರು ಅಲ್ಲಾಡುತ್ತಿತ್ತು. ಸಂದಿಗೆ ತಾಗಿಸಿದರೆ ಸಾಕು, ಕಣ್ಣಲ್ಲಿ ಕತ್ತಲೆ ಬರುತ್ತಿತ್ತು. ಚಮಚದ ಹಿಡಿ ಹಾಕಿದೆ, ನಾಣ್ಯ ಹಾಕಿದೆ, ಸೇಫ್ಟಿ ಪಿನ್ ಹಾಕಿದೆ. ಜೋಮು ಹಿಡಿದ ಬೆರಳಲ್ಲಿ ಯಾವುದೂ ನಿಲ್ಲುವುದಿಲ್ಲ, ಜಾರಿ ಹೋಗಿ ಇನ್ನೊಂದು ಬೆರಳಿಗೆ ಚುಚ್ಚುತ್ತದೆ. ಬೆಳಗ್ಗೆ ಸ್ನಾನ ಮಾಡಿ ದೇವರ ಕೋಣೆಗೆ ಹೋದವಳು ಬಿಸಿಲು ಅಂಗಳದ ಅರ್ಧಕ್ಕೆ ಬಂದರೂ ಮುಚ್ಚಳದ ಜೊತೆ ಗುದ್ದಾಡುತ್ತಾ ಕೂತಿರುತ್ತಿದ್ದೆ. ಕೆಲವು ದಿನ ತೆರೆಯುತ್ತಿತ್ತು. ಕೆಲವು ದಿನ ಮಧ್ಯಾಹ್ನವಾಗುತ್ತಿತ್ತು. ಗುಳಿಗೆಯೂ ಮಧ್ಯಾಹ್ನವೇ ಆಗುತ್ತಿತ್ತು.

ಹಾಗೊಂದು ದಿನ ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು. ಅವರಿಗೆ ಪೂಜೆ ಎಂದರೆ ಬಚ್ಚಲಿಂದ ಬಂದು ಎರಡು ನಿಮಿಷದ ಕೆಲಸ, ಲಿಂಗಪ್ಪ ತಪ್ಪು ತಿಳಿಯುವುದಿಲ್ಲ ಎಂಬ ಭರವಸೆಯ ಮನುಷ್ಯ.

"ಕೊಡು ಇಲ್ಲಿ, ನಾ ತೆಗೀತೀನಿ," ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. "ನಾ ಇನ್ನೂ ಸತ್ತಿಲ್ಲ ರೀ!" ಎಂದು ಚೀರಿದೆ. "ಸತ್ತ ಮ್ಯಾಲ ತೆಗೀರಂತ, ಅಲ್ಲೀ ತನಕ ತಡೀರಿ!"

ಅವರು ಹೊರಗೆ ಹೋದರು.

ನಾನು ಹಾಗೆ ಚೀರಿದ್ದಕ್ಕೆ ಕಾರಣವಿತ್ತು. ನಮ್ಮ ಮನೆಯಲ್ಲಿ ಒಬ್ಬರ ಕರಡಿಗೆಯನ್ನು ಇನ್ನೊಬ್ಬರು ತೆಗೆಯುವುದು ಒಂದೇ ದಿನ. ನಮ್ಮವ್ವ ತೀರಿದಾಗ ಮೈತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಮಠದ ಅಯ್ಯನವರು ಬಂದು ಅವಳ ಕೊರಳಿಗೆ ಕೈಹಾಕಿ, ಕರಡಿಗೆ ತೆಗೆದು, ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟರು. ಅವ್ವ ಉಸಿರು ಬಿಟ್ಟಾಗ ನನಗೆ ಅಳು ಬಂದಿರಲಿಲ್ಲ, ಮಂಕು ಬಡಿದು ನಿಂತಿದ್ದೆ. ಆ ಮುಚ್ಚಳ ಬೇರೆಯವರ ಕೈಯಲ್ಲಿ ಟಕ್ಕೆಂದಾಗ, ಹೋದಳು ನಮ್ಮವ್ವ ಎಂದು ತಿಳಿದು ನೆಲಕ್ಕೆ ಬಿದ್ದು ಅತ್ತೆ. ಅವಳು ಬದುಕಿದ್ದರೆ ಯಾರಿಗಾದರೂ ಮುಟ್ಟಗೊಡುತ್ತಿದ್ದಳೇ? ಈಗ ನನ್ನ ಕರಡಿಗೆಯನ್ನು ನಾನೇ ಇನ್ನೊಬ್ಬರ ಕೈಗೆ ಕೊಡುವುದೆಂದರೆ, ಆಯಿತಪ್ಪಾ, ನನ್ನದು ಮುಗಿಯಿತು, ಬಂದು ಕೂಡಿಸಿರಿ ಎಂದು ನಾನೇ ಹೇಳಿದ ಹಾಗೆ. ಡಾಕ್ಟರು ಏನೇ ಹೇಳಲಿ, ನಾನು ಬದುಕುತ್ತೇನೋ ಇಲ್ಲವೋ ಎಂಬ ಲೆಕ್ಕ ನನ್ನ ತಲೆಯಲ್ಲಿ ಆ ಮುಚ್ಚಳಕ್ಕೆ ಗಂಟು ಬಿದ್ದಿತ್ತು. ತೆರೆದ ದಿನ ಬದುಕುತ್ತೇನೆ. ತೆರೆಯದ ದಿನ ಮೊಮ್ಮಗನ ಫೋಟೊ ಹಿಡಿದು ಕೂಡುತ್ತಿದ್ದೆ.

ಅಕ್ಕನಿಗೆ ಫೋನಿನಲ್ಲಿ ಹೇಳಿದರೆ "ಸೂಪರ್ ಮಾರ್ಕೆಟ್ಟಿಗೆ ಹೋಗಿ ಪತ್ತಾರರ ಕಡೆ ಮುಚ್ಚಳ ಸಡಿಲ ಮಾಡಿಸ್ಕೋ" ಎಂದಳು. ಇಟ್ಟಂಗಿಯ ಸಲಹೆ ಕೊಟ್ಟವಳ ಸಲಹೆ. ಆದರೂ ಹೋದೆ. ಅಕ್ಕಸಾಲಿಗರ ಅಂಗಡಿಯ ಮುಂದೆ ನಿಂತು, ಸಡಿಲಾದ ಮುಚ್ಚಳ ಎಲ್ಲೋ ಬಿಚ್ಚಿಕೊಂಡು ಲಿಂಗ ಕೆಳಗೆ ಬಿದ್ದರೆ ಎಂದು ಹೆದರಿದೆ. ಬಂದ ಆಟೊದಲ್ಲೇ ತಿರುಗಿ ಬಂದೆ. ಕರಡಿಗೆ ಬಿಟ್ಟು ಬಟ್ಟೆಯಲ್ಲಿ ಕಟ್ಟಿಕೊಳ್ಳೋಣವೆಂದರೆ ಬಟ್ಟೆಯ ಗಂಟು ಬಿಚ್ಚುವುದಕ್ಕೆ ಉಗುರು ಇನ್ನೂ ಹೆಚ್ಚು ಬೇಕು.

ಸಲಾಯಿನ್ ಮತ್ತೆ ಶುರುವಾಯಿತು. ಈ ಸಲ ಸಿಸ್ಟರ್ ಪ್ಲಾಸ್ಟಿಕ್ ಚೀಲದಲ್ಲಿ ಬರ್ಫ ತುಂಬಿ ನನ್ನ ಬೆರಳಿಗೆಲ್ಲ ಸುತ್ತಿ ಕೂಡಿಸಿದರು, ಥಂಡಿಗೆ ಔಷಧ ಬೆರಳಿಗೆ ಇಳಿಯುವುದು ಕಡಿಮೆಯಾಗುತ್ತದಂತೆ. ಹಲ್ಲು ಕಚ್ಚಿ ಕೂತೆ. ಇದ್ದ ಉಗುರು ಉಳಿಯಲಿ ಎಂಬ ಆಸೆ. ಆದರೆ ಎದ್ದ ಉಗುರು ಎದ್ದದ್ದೇ, ಸಲಾಯಿನ್ ಆದ ಮೇಲೆ ಮೈಯಲ್ಲಿ ಇದ್ದಷ್ಟು ತ್ರಾಣವೂ ಹೋಯಿತು. ಉಪವಾಸ ಬೇರೆ. ದೇವರ ಕೋಣೆಯ ಗೋಡೆಗೆ ತಲೆಯಾನಿಸಿ ಕೂತು ಲಿಂಗವನ್ನೇ ಬೈಯುತ್ತಿದ್ದೆ. "ಎಪ್ಪಾ ತಂದೆ, ಒಳಗ ಕುಂತು ಏನ್ ಮಾಡಾಕತ್ತಿ? ನಲವತ್ತು ವರ್ಷ ನಾನೇ ತೆಗದೀನಿ. ಒಂದು ದಿವಸ ನೀನರ ಒಳಗಿಂದ ಜರಾ ದೂಡಬಾರದಾ?" ಬೈದು ದಣಿದರೆ ಸುಮ್ಮನಾಗುತ್ತಿದ್ದೆ. ಹೊರಗೆ ನಮ್ಮ ಯಜಮಾನರು ಪೇಪರಿನ ಹಾಳೆ ತಿರುವುವ ಸಪ್ಪಳ ಕೇಳುತ್ತಿತ್ತು. ಈ ಮನುಷ್ಯನಿಗೆ ತಿಂಡಿಯಾಯಿತು, ಪೇಪರಾಯಿತು, ಇನ್ನೇನು ಬೇಕು ಎಂದು ಅವರ ಮೇಲೂ ಸಿಟ್ಟು ಬರುತ್ತಿತ್ತು. ಓಣಿಯ ತುದಿಯ ಮನೆಯವರು ರೊಟ್ಟಿ ಬಡಿದು ಮಾರುತ್ತಿದ್ದರು, ರೊಟ್ಟಿ ಅಲ್ಲಿಂದ ಬರುತ್ತಿತ್ತು. ಬೆಳಗಿನ ಸುಸಲಾ ಮಾತ್ರ ನಮ್ಮ ಯಜಮಾನರೇ ಚುರುಮುರಿ ನೆನೆಸಿ ಮಾಡಿ ಮುಚ್ಚಿಡುತ್ತಿದ್ದರು. ತಮ್ಮ ಪಾಲಿನದನ್ನು ತಿಂದೇ ಮುಚ್ಚಿಡುತ್ತಾರೆ ಎಂದುಕೊಂಡಿದ್ದೆ.

ಒಂದು ದಿನ ಮುಚ್ಚಳ ಬಹಳ ಸತಾಯಿಸಿತು. ಬಿಸಿಲು ಅಂಗಳ ದಾಟಿ ಹೋಗಿತ್ತು. ಅಡುಗೆಮನೆಯಲ್ಲಿ ತಂಬಿಗೆ ಬಿದ್ದ ಸಪ್ಪಳವಾಯಿತು. ಕೈಜಾರಿತೇನೋ ಎಂದು ಸುಮ್ಮನಿದ್ದೆ. ಎತ್ತಿಟ್ಟ ಸಪ್ಪಳ ಬರಲಿಲ್ಲ. "ಏನ್ರೀ?" ಎಂದೆ. ಗೋಡೆ ಹಿಡಿದು ಎದ್ದು ಹೋಗಿ ನೋಡಿದರೆ, ಯಜಮಾನರು ಒಲೆಕಟ್ಟೆಗೆ ಒರಗಿ ನೆಲದ ಮೇಲೆ ಕೂತಿದ್ದಾರೆ. ಅಂಗಿ ಬೆವರಿಗೆ ತೋಯ್ದು ಮೈಗಂಟಿದೆ. ಕಣ್ಣು ನನ್ನ ಕಡೆ ಇದೆ, ನನ್ನನ್ನು ನೋಡುತ್ತಿಲ್ಲ. ಬಾಯಿ ಏನೋ ಒದರುತ್ತಿದೆ, ನಾಲಿಗೆ ಹೊರಳುತ್ತಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ, ಬೆಳಗ್ಗೆ ಎದ್ದ ಕೂಡಲೆ ಗುಳಿಗೆ ನುಂಗುತ್ತಿದ್ದರು. ನುಂಗಿ ತಿನ್ನದಿದ್ದರೆ ಹೀಗಾಗುತ್ತದೆ ಎಂದು ನನಗೆ ಗೊತ್ತಿತ್ತು, ಹಿಂದೊಮ್ಮೆ ಆಫೀಸಿನಲ್ಲಿ ಆಗಿತ್ತು. ಕಟ್ಟೆಯ ಮೇಲೆ ಸುಸಲಾದ ಬೋಗುಣಿ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಸಕ್ಕರೆಯ ಸ್ಟೀಲ್ ಡಬ್ಬಿ ಎಳೆದುಕೊಂಡೆ. ಅದರ ಮುಚ್ಚಳವೂ ಬಿಗಿ. ಈ ಮನೆಯಲ್ಲಿ ಸಡಿಲಾದದ್ದು ನಾನೊಬ್ಬಳೇ! ಡಬ್ಬಿಯನ್ನು ಎದೆಗೊತ್ತಿ ಹಿಡಿದು, ಎರಡೂ ಹೆಬ್ಬೆರಳು ಹಾಕಿ, "ಬಾರೋ ಮಾರಾಯಾ" ಎಂದು ಎಬ್ಬಿದೆ. ಮುಚ್ಚಳ ಹಾರಿ ಬಿತ್ತು. ಸಕ್ಕರೆ ನೆಲಕ್ಕೆಲ್ಲ ಚೆಲ್ಲಿತು. ಹಿಡಿದಷ್ಟು ಹಿಡಿದು ಅವರ ಬಾಯಿಗೆ ಹಾಕಿದೆ, ತುಟಿಗೆ ತಿಕ್ಕಿದೆ, ಗಲ್ಲ ಹಿಡಿದು "ನುಂಗ್ರಿ, ನುಂಗ್ರಿ" ಎಂದು ಅಳುತ್ತಾ ಬೈದೆ. ಸಕ್ಕರೆ ಕೆಂಪಾದದ್ದನ್ನು ಆಮೇಲೆ ನೋಡಿದೆ. ಬಲಗೈ ಹೆಬ್ಬೆರಳಿನ ಉಗುರು ಪೂರಾ ಕಿತ್ತು ಹೋಗಿತ್ತು.

ಸ್ವಲ್ಪ ಹೊತ್ತಿಗೆ ಅವರ ಕಣ್ಣಿಗೆ ಗುರುತು ಬಂತು. ಮೊದಲ ಮಾತು ಕೇಳಿ: "ನಿನ್ನ ಪೂಜಾ ಆಯ್ತೇನು?"

"ಪೂಜಾ ಹಾಳಾಗ್ಲಿ! ನೀವು ಯಾಕ ತಿಂದಿಲ್ಲ?"

"ನೀ ತಿಂದಿರಲಿಲ್ಲ."

"ಇವತ್ತೊಂದ ದಿವಸಾ?"

ಅವರು ನೆಲದ ಮೇಲಿನ ಸಕ್ಕರೆಯನ್ನು ಅಂಗೈಯಿಂದ ಒಂದು ಕಡೆ ಕೂಡಿಸತೊಡಗಿದರು. ನಾನು ಒಳಗೆ ಗುದ್ದಾಡುತ್ತಿದ್ದ ಅಷ್ಟೂ ಬೆಳಗು ಈ ಮನುಷ್ಯ ಹೊರಗೆ ಖಾಲಿ ಹೊಟ್ಟೆಯಲ್ಲಿ ಪೇಪರ್ ತಿರುವುತ್ತಾ ಕೂತಿದ್ದರು. ನನಗೆ ಆದದ್ದು ಪ್ರೀತಿಯೋ ಸಿಟ್ಟೋ ಇವತ್ತಿಗೂ ಬೇರೆ ಮಾಡಿ ಹೇಳಲಾರೆ. ಕೆನ್ನೆಗೆ ಎರಡು ಬಿಡಬೇಕೆನಿಸಿತು. ಮೈಯಲ್ಲಿ ಅಷ್ಟು ಶಕ್ತಿ ಇರಲಿಲ್ಲ.

ಬೋಗುಣಿ ಕೆಳಗೆ ಇಳಿಸಿದೆ. ತಣ್ಣಗಾಗಿದ್ದ ಸುಸಲಾವನ್ನು ಒಂದೇ ತಟ್ಟೆಗೆ ಹಾಕಿ ಇಬ್ಬರ ನಡುವೆ ಇಟ್ಟೆ. ಹೆಬ್ಬೆರಳಿಗೆ ಸೆರಗಿನ ತುದಿ ಸುತ್ತಿಕೊಂಡು, ಉಳಿದ ಬೆರಳಲ್ಲಿ ಎತ್ತಿ ಮೊದಲು ಅವರ ಬಾಯಿಗೆ, ಆಮೇಲೆ ನನ್ನ ಬಾಯಿಗೆ ಹಾಕಿಕೊಂಡೆ. ಕರಡಿಗೆ ಮುಚ್ಚಿದ್ದು ಮುಚ್ಚಿದ ಹಾಗೇ ಎದೆಯ ಮೇಲಿತ್ತು. ಪೂಜೆಯಿಲ್ಲದೆ ನಾನು ನುಂಗಿದ ಮೊದಲ ತುತ್ತು ಅದು. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದುಕೊಂಡಿದ್ದೆ, ಸಿಕ್ಕಿಕೊಳ್ಳಲಿಲ್ಲ. ಹಸಿವೆಯಾಗಿತ್ತು, ಇಳಿಯಿತು.

ಬೆರಳಿಗೆ ಪಟ್ಟಿ ಹಾಕಿಸಿಕೊಂಡು ಬಂದೆವು. ಮರುದಿನ ಸ್ನಾನವಾಯಿತು, ದೇವರ ಮುಂದೆ ಮಣೆ ಹಾಕಿ ಕೂತೆ. ಎಡ ಹೆಬ್ಬೆರಳಿನ ಉಗುರೂ ಬಿಡುವುದರಲ್ಲಿತ್ತು. ಮುಚ್ಚಳಕ್ಕೆ ಕೈಹಾಕಲು ಹೋಗಲೇ ಇಲ್ಲ. ಹೊರಗೆ ಪೇಪರಿನ ಸಪ್ಪಳ. ಒಳಗೆ ನಾನು ಉಪವಾಸ ಕೂತರೆ ಹೊರಗೆ ಅವರೂ ಕೂಡುತ್ತಾರೆ, ಬೇಡವೆಂದರೂ ಕೇಳುವ ಜಾತಿಯಲ್ಲ.

"ಏನ್ರೀ," ಎಂದೆ. "ಕೈ ತೊಳಕೊಂಡು ಇಲ್ಲಿ ಬರ್ರಿ."

ಬಂದರು. ಎದುರಿಗೆ ಕೂಡಿರಿ ಎಂದೆ, ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಕೂತರು. ಶಿವದಾರವನ್ನು ಕೊರಳಿಂದ ತೆಗೆಯದೆ ಕರಡಿಗೆಯನ್ನು ಅವರ ಮುಂದೆ ಹಿಡಿದೆ.

"ತೆಗೀರಿ."

"ಖರೇನ?"

"ಮತ್ತ ಮತ್ತ ಕೇಳಬ್ಯಾಡ್ರಿ. ಮನಸ್ಸು ಬದಲಾಗ್ತದ. ಲಗೂನ ತೆಗೀರಿ."

ಅವರು ಬಲಗೈ ಹೆಬ್ಬೆರಳನ್ನು ಸಂದಿಗೆ ತಂದರು. ಆಗ ನೋಡಿದೆ. ಆ ಒಂದು ಬೆರಳಿನ ಉಗುರು ಉದ್ದಕ್ಕೆ ಬೆಳೆದಿತ್ತು. ರವಿವಾರ ಬಂದರೆ ಕಟ್ಟೆಯ ಮೇಲೆ ಬ್ಲೇಡು ಹಿಡಿದು ಕೂತು, ಮಾಂಸ ಕಾಣುವ ತನಕ ಉಗುರು ತೆಗೆಯುವ ಮನುಷ್ಯ. ಉಳಿದ ಬೆರಳೆಲ್ಲ ಹಾಗೇ ಬೋಳಾಗಿದ್ದವು.

"ಇದೇನ್ರೀ, ಇದೊಂದು ಉಗುರು ಬಿಟ್ಟೀರಿ?"

"ಬಿಟ್ಟೀನಿ."

"ಯಾವಾಗಿಂದ?"

"ನೀ ಬೈದ ದಿವಸದಿಂದ. ಎಂದರ ಒಂದು ದಿವಸ ಕೇಳತಿ ಅಂತ."

ಮುಚ್ಚಳ ಟಕ್ಕೆಂದಿತು. ನಾನು ಕಣ್ಣು ಮುಚ್ಚಲಿಲ್ಲ. ಇನ್ನೊಬ್ಬರ ಲಿಂಗವನ್ನು ನೋಡಬಾರದೆಂದು ಅವರು ಮಾತ್ರ ಥಟ್ಟನೆ ಮುಖವನ್ನು ಗೋಡೆಯ ಕಡೆ ತಿರುಗಿಸಿ ಕೂತರು. ನಾನೇ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡೆ. ನೀರು ಹಾಕಿದೆ, ವಿಭೂತಿ ಹಚ್ಚಿದೆ, ಪತ್ರಿ ಏರಿಸಿದೆ. ಅಂಗೈ ಬೆಚ್ಚಗಿತ್ತು. ಪೂಜೆ ಮುಗಿಸಿ ಲಿಂಗವನ್ನು ಒಳಗಿಟ್ಟು, ಅಂಗೈಯಿಂದ ಒತ್ತಿ ಮುಚ್ಚಳ ಹಾಕಿದೆ. ಅವರು ಇನ್ನೂ ಗೋಡೆಯ ಕಡೆಗೇ ಮುಖ ಮಾಡಿ ಕೂತಿದ್ದರು, ಹೆಗಲು ಅಲುಗುತ್ತಿತ್ತು.

"ಈ ಕಡೆ ತಿರುಗ್ರಿ," ಎಂದೆ. "ನಾ ಇನ್ನೂ ಇದ್ದೀನಿ."